ಹೀರುಕಾಗದದ ಮೇಲೆ ಮೂರು ಗುರುತು

ನಮ್ಮ ಸೋದರಮಾವನಿಗೆ ಮಿಲಿಗ್ರಾಂ ಮಾವ ಎಂದು ಹೆಸರಿಟ್ಟವನು ನಾನು. ಆಗ ನನಗೆ ಹನ್ನೆರಡು ವರ್ಷ, ಅವರಿಗೆ ಇಪ್ಪತ್ತಮೂರು. ನಾನು ಈ ಲೋಕಕ್ಕೆ ಕೊಟ್ಟ ಕೊಡುಗೆಗಳಲ್ಲಿ ಇಂದಿಗೂ ಬಳಕೆಯಲ್ಲಿರುವುದು ಅದೊಂದೇ. ಅವರ ಪ್ರಯೋಗಾಲಯದಲ್ಲೂ ಎಲ್ಲರೂ ಹಾಗೇ ಕರೆಯುತ್ತಾರೆ. ಅವರ ನಿಜವಾದ ಹೆಸರು ಹಾಜರಿ ಪುಸ್ತಕದೊಳಗೆ ಒಬ್ಬಂಟಿಯಾಗಿ ಕೂತು ನಿವೃತ್ತಿಗಾಗಿ ಕಾಯುತ್ತಿದೆ.

ಮಾವನ ಕೆಲಸ ತೂಗುವುದು. ಏನನ್ನು ಎಂದು ಊಟದ ಹೊತ್ತಿನಲ್ಲಿ ಹೇಳಕೂಡದೆಂದು ಅಮ್ಮನ ಕಟ್ಟಪ್ಪಣೆ. ನೀವು ಊಟ ಮುಗಿಸಿ ಕೂತಿದ್ದೀರಿ ಎಂದು ನಂಬಿ ಹೇಳುತ್ತೇನೆ: ಇಲಿಗಳ ಹೃದಯ.

ಮೂರನೇ ಮಹಡಿಯ ಮೂಲೆಯಲ್ಲಿ, ಅಲುಗಾಡದ ಒಂದು ಕಲ್ಲಿನ ಮೇಜಿನ ಮೇಲೆ, ಗಾಜಿನ ಗೂಡಿನೊಳಗೆ ಅವರ ತಕ್ಕಡಿ ವಿರಾಜಮಾನವಾಗಿದೆ. ಯಾವ ಚಕ್ರವರ್ತಿಯ ಸಿಂಹಾಸನಕ್ಕೂ ಇಷ್ಟು ಮರ್ಯಾದೆ ಸಿಕ್ಕಿರಲಾರದು. ಮಾವ ತೂಗಲು ಕೂತರೆ ಫ್ಯಾನು ಆಫ್, ಕಿಟಕಿ ಬಂದ್, ಸೀನು ಬಂದವರು ಹೊರಗೆ. ಒಮ್ಮೆ ನಾನೇ ಅಲ್ಲಿ ನಿಂತು ನಿಟ್ಟುಸಿರು ಬಿಟ್ಟೆನೆಂದು ನನ್ನನ್ನು ಮೆಟ್ಟಿಲವರೆಗೆ ಕಳಿಸಿಕೊಟ್ಟಿದ್ದರು. "ನಿನ್ನ ದುಃಖ ಆರು ಮಿಲಿಗ್ರಾಂ ಇತ್ತು ಕಣೋ" ಎಂದರು.

ಮೂವತ್ತಾರು ವರ್ಷ ಹೀಗೆ ತೂಗಿ ತೂಗಿ ಅವರ ಕೈಯೇ ತಕ್ಕಡಿಯಾಗಿಬಿಟ್ಟಿತ್ತು. ನನ್ನ ಮಗಳು ಹುಟ್ಟಿದ ದಿನ ಅವಳನ್ನು ಎತ್ತಿಕೊಂಡು, "ಎರಡು ಕೆಜಿ ಒಂಬೈನೂರು" ಎಂದರು. ನರ್ಸಮ್ಮನ ಯಂತ್ರ ಎರಡು ಕೆಜಿ ಏಳುನೂರ ಎಂಬತ್ತು ತೋರಿಸಿತು. ಮಾವ ಕೊಂಚವೂ ಅಳುಕದೆ, "ಟವೆಲ್ಲು ನೂರಿಪ್ಪತ್ತು" ಎಂದರು. ಟವೆಲ್ಲು ತೂಗಿ ನೋಡಿದ ನರ್ಸಮ್ಮ ಅವರಿಗೆ ಕುರ್ಚಿ ತಂದುಕೊಟ್ಟಳು. ಮದುವೆ ಮಾತ್ರ ಆಗಲಿಲ್ಲ. ಯಾಕೆಂದು ಯಾರಾದರೂ ಕೆಣಕಿದರೆ "ಎರಡು ತಟ್ಟೆ ಸಮಕ್ಕೆ ಬರಲಿಲ್ಲ" ಎಂದು ಮುಗಿಸುತ್ತಿದ್ದರು.

ಇಂಥ ಮನುಷ್ಯ ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ತಲೆ ಎತ್ತಲಾಗದೆ ಕೂತ ಕತೆ ಇದು. ಅದರಲ್ಲಿ ನನ್ನ ಪಾಲೂ ಇದೆ. ಅದನ್ನು ಬಿಟ್ಟು ಹೇಳೋಣವೆಂದರೆ ನನ್ನ ಹೆಂಡತಿ ಇದನ್ನು ಓದುವವಳಿದ್ದಾಳೆ.

ಅಮ್ಮನಿಂದ ಶುರು ಮಾಡಬೇಕು. ಮಾವ ಅಮ್ಮನಿಗಿಂತ ಹನ್ನೊಂದು ವರ್ಷ ಚಿಕ್ಕವರು. ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ಅಮ್ಮನಿಗೆ ಮೂವತ್ತು ವರ್ಷದಿಂದ ರಕ್ತದೊತ್ತಡ. ಎರಡು ವರ್ಷದ ಹಿಂದೆ ಮೆಟ್ಟಿಲು ಹತ್ತುವಾಗ ಏದುಸಿರು ಬಂತೆಂದು ಪರೀಕ್ಷೆ ಮಾಡಿಸಿದೆವು. ಡಾಕ್ಟರು ಪರದೆಯ ಮೇಲೆ ಮಸುಕು ಚಿತ್ರವೊಂದನ್ನು ತೋರಿಸಿ, "ಹೃದಯದ ಎಡಗಡೆ ಗೋಡೆ ಹದಿನೈದು ಮಿಲಿಮೀಟರ್ ಇದೆ. ಹತ್ತರ ಸುತ್ತಮುತ್ತ ಇರಬೇಕಿತ್ತು. ಒತ್ತಡದ ವಿರುದ್ಧ ತಳ್ಳಿ ತಳ್ಳಿ ಸ್ನಾಯು ದಪ್ಪಗಾಗಿದೆ, ಮೂಟೆ ಹೊರೋನ ತೋಳಿನ ಥರ" ಎಂದರು.

"ಅಂದ್ರೆ ಗೋಡೆ ದಪ್ಪ ಆಗಿ ಒಳಗೆ ರೂಮು ಇಕ್ಕಟ್ಟಾಗಿದೆ ಅನ್ನಿ" ಎಂದಳು ಅಮ್ಮ.

"ಸರಿಯಾಗಿ ಹೇಳಿದ್ರಿ."

"ನಮ್ಮನೆ ಕಟ್ಟಿಸಿದ ಮೇಸ್ತ್ರಿನೂ ಹಿಂಗೇ ಮಾಡಿದ್ದ."

ಮಾತ್ರೆಗಳು ಬಂದವು. ಬೆಳಿಗ್ಗೆ ಬಿಳಿಯದು, ಮಧ್ಯಾಹ್ನ ಗುಲಾಬಿ ಬಣ್ಣದ್ದು. ಗುಲಾಬಿ ಮಾತ್ರೆ ಮೈಯ ನೀರನ್ನು ಇಳಿಸುವಂಥದ್ದು. ನುಂಗಿದ ಮೇಲೆ ಅಮ್ಮ ಮೂರು ಗಂಟೆ ಕಾಲ ಬಚ್ಚಲುಮನೆಯ ಬಾಗಿಲು ಕಾಯುವ ಪಹರೆಯವಳಾಗುತ್ತಿದ್ದಳು. ಅವಳಿಗೆ ಆ ಮಾತ್ರೆಯ ಮೇಲೆ ಇದ್ದ ಸಿಟ್ಟು ಅಪ್ಪನ ಮೇಲೂ ಇರಲಿಲ್ಲ.

ಇದೇ ಹೊತ್ತಿಗೆ ಮಾವನ ಪ್ರಯೋಗಾಲಯದ ಮೇಡಂ ಹೊಸ ಪ್ರಯೋಗ ಹಿಡಿದರು. ನಾವು ಈರುಳ್ಳಿ ಸುಲಿದು ಕಸಕ್ಕೆ ಎಸೆಯುವ ಒಣಸಿಪ್ಪೆಯಲ್ಲಿ ಕ್ವೆರ್ಸೆಟಿನ್ ಎಂಬ ಹಳದಿ ಪದಾರ್ಥವಿದೆ. ಫ್ಲೇವನಾಯ್ಡ್ ಎಂಬ ದೊಡ್ಡ ಕುಟುಂಬದ ಕುಡಿ ಅದು. ಹೂವು, ಹಣ್ಣು, ಎಲೆಗಳಲ್ಲಿ ಕೂತು ಗಿಡಕ್ಕೆ ಬಣ್ಣ ಕೊಡುವ, ಬಿಸಿಲಿನಿಂದ ಕಾಯುವ ಸಂಸಾರ. ಹೃದಯದ ಸ್ನಾಯು ದಪ್ಪಗಾಗುವುದನ್ನು ಇದು ತಡೆಯುತ್ತದೆಯೇ ಎಂಬುದು ಮೇಡಂ ಅವರ ಪ್ರಶ್ನೆ.

ಮೂವತ್ತು ಇಲಿಗಳು ರಣರಂಗಕ್ಕಿಳಿದವು. ಹತ್ತು ಇಲಿಗಳಿಗೆ ಏನೂ ಮಾಡಲಿಲ್ಲ. ಉಳಿದ ಇಪ್ಪತ್ತರಲ್ಲಿ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳಕ್ಕೆ ದಾರದ ಸಣ್ಣ ಬಿಗಿತ ಹಾಕಿದರು. ಹೃದಯ ಜೋರಾಗಿ ತಳ್ಳಬೇಕು, ಸ್ನಾಯು ದಪ್ಪಗಾಗಬೇಕು. ಆ ಇಪ್ಪತ್ತರಲ್ಲಿ ಹತ್ತಕ್ಕೆ ಬರೀ ಆಹಾರ, ಹತ್ತಕ್ಕೆ ಹಳದಿ ಪುಡಿ ಬೆರೆಸಿದ ಆಹಾರ. ಎಂಟು ವಾರ ಕಳೆದ ಮೇಲೆ ಇಲಿಗಳನ್ನು ನೋವಾಗದಂತೆ ಮಲಗಿಸಿ, ಹೃದಯ ತೆಗೆದು, ಉಪ್ಪುನೀರಿನಲ್ಲಿ ತೊಳೆದು, ಹೀರುಕಾಗದದ ಮೇಲೆ ಒಂದು ಸಲ ಒತ್ತಿ ತೇವ ತೆಗೆದು ತೂಗುವುದು. ಬಂದ ತೂಕವನ್ನು ಅದೇ ಇಲಿಯ ಮೊಣಕಾಲ ಕೆಳಗಿನ ಮೂಳೆಯ ಉದ್ದದಿಂದ ಭಾಗಿಸುವುದು. "ಇಲಿ ತಿಂದು ಊದಬಹುದು, ಸೊರಗಬಹುದು. ಮೂಳೆ ಹಂಗೆಲ್ಲ ಆಟ ಆಡಲ್ಲ" ಎಂದು ಮಾವ ನನಗೆ ಬಿಡಿಸಿ ಹೇಳಿದ್ದರು.

ಯಾವ ಇಲಿ ಯಾವ ಗುಂಪಿನದೆಂದು ತೂಗುವವನಿಗೆ ಗೊತ್ತಾಗಬಾರದು. ಅದು ಕಟ್ಟುನಿಟ್ಟು. ಗೂಡುಗಳಿಗೆ ಬರೀ ನಂಬರು, ನಂಬರಿನ ಗುಟ್ಟು ಮೇಡಂ ಅವರ ಡ್ರಾಯರಿನಲ್ಲಿ, ಡ್ರಾಯರಿನ ಬೀಗದಕೈ ಮೇಡಂ ಅವರ ಕೈಚೀಲದಲ್ಲಿ. ಕೋಟೆ ಭದ್ರವಾಗಿತ್ತು. ಆದರೆ ಇಲಿ ಕೈತೊಳೆದು ಉಣ್ಣುವ ಪ್ರಾಣಿಯಲ್ಲ. ಹಳದಿ ಪುಡಿ ತಿಂದ ಹತ್ತೂ ವೀರರ ಮೀಸೆ ಹಳದಿ, ಪಾದ ಹಳದಿ, ಗೂಡಿನ ಹೊಟ್ಟು ಹಳದಿ. ಸಿಗರೇಟು ಸೇದುವವರ ಬೆರಳು ನೋಡಿ ಗುರುತು ಹಿಡಿದಂತೆ ಅವನ್ನು ಯಾರು ಬೇಕಾದರೂ ಹಿಡಿಯಬಹುದಿತ್ತು. ಮಾವ ಹಿಡಿದರು. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೇನು ಎಂದುಕೊಂಡರು.

ತೂಗಿದ್ದಾಯಿತು, ಗುಟ್ಟು ಬಿಚ್ಚಿದ್ದಾಯಿತು. ಆವತ್ತು ಮಾವ ನಮ್ಮ ಮನೆಗೆ ಬಂದ ಠೀವಿ ನೋಡಬೇಕಿತ್ತು. ರಾಜ್ಯ ಗೆದ್ದು ಬಂದವರಂತೆ ಚಪ್ಪಲಿ ಬಿಟ್ಟರು.

"ಬರೀ ಆಹಾರ ತಿಂದಿದ್ದು ಸರಾಸರಿ ಸಾವಿರದ ಮುನ್ನೂರ ನಲವತ್ತು ಮಿಲಿಗ್ರಾಂ. ಹಳದಿ ತಿಂದಿದ್ದು ಸಾವಿರದ ನೂರ ತೊಂಬತ್ತು. ನೂರೈವತ್ತು ಕಮ್ಮಿ ಅಕ್ಕಾ! ಮೂಳೆ ಲೆಕ್ಕ ಹಾಕಿದ್ರೂ ಅಷ್ಟೇ ಬರತ್ತೆ. ಮೇಡಂ ಲೇಖನ ಬರೀತಿದ್ದಾರೆ. ನನ್ನ ಹೆಸರೂ ಹಾಕ್ತಾರಂತೆ."

"ಮಿಲಿಗ್ರಾಂ ಅಂತಲಾ?" ಎಂದೆ ನಾನು.

"ಪೂರ್ತಿ ಹೆಸರು ಕಣೋ. ಅಚ್ಚಿನಲ್ಲಿ."

ಅಮ್ಮ ಅದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. "ಈರುಳ್ಳಿ ಸಿಪ್ಪೆನಾ?" ಎಂದಳು.

"ಅದರೊಳಗಿನ ಪದಾರ್ಥ. ಅದೂ ಇಲಿಗೆ. ಮನುಷ್ಯರಿಗೆ ಇನ್ನೂ ಗೊತ್ತಿಲ್ಲ" ಎಂದರು ಮಾವ. ಆದರೆ ಆ ಮಾತಿನಲ್ಲಿ ಜೀವವಿರಲಿಲ್ಲ. ಬೀಳ್ಕೊಡಲು ಬಂದವರಿಗೆ ರೈಲಿನ ಬಾಗಿಲಲ್ಲಿ ನಿಂತು "ನೀವು ಬರಬೇಕಿರಲಿಲ್ಲ" ಎನ್ನುವವರ ದನಿ ಅದು.

"ನೀನೇ ತಾನೆ ತೂಗಿದ್ದು?"

"ನಾನೇ."

"ಮತ್ತೆ?" ಎಂದಳು ಅಮ್ಮ. ಅಲ್ಲಿಗೆ ತೀರ್ಪು ಬಂದಾಗಿತ್ತು.

ಮಾರನೇ ದಿನದಿಂದ ನಮ್ಮ ಮನೆಯಲ್ಲಿ ಈರುಳ್ಳಿ ಸಿಪ್ಪೆಯ ಯುಗ ಆರಂಭವಾಯಿತು. ಒಲೆಯ ಮೇಲೆ ಒಂದು ಪಾತ್ರೆ ಸದಾ ಕುದಿಯುತ್ತಿತ್ತು. ಮನೆಯ ಸಿಪ್ಪೆ ಸಾಲದೆ ಹೋದಾಗ ನಾನು ಹೋಟೆಲಿನ ಹಿಂಬಾಗಿಲಿನಲ್ಲಿ ಚೀಲ ಹಿಡಿದು ನಿಂತೆ. ಅಷ್ಟೇ ಆಗಿದ್ದರೆ ಕ್ಷಮಿಸಬಹುದಿತ್ತು. ಕೆಳಗಿನ ಅಂಗಡಿಯ ಟೈಲರಿಗೂ ರಕ್ತದೊತ್ತಡ. ಅವರ ಮುಂದೆ ಕೂತು ಫ್ಲೇವನಾಯ್ಡುಗಳ ಬಗ್ಗೆ ಮುಕ್ಕಾಲು ಗಂಟೆ ಉಪನ್ಯಾಸ ಕೊಟ್ಟೆ. ಗೊತ್ತಿದ್ದದ್ದು ನಾಲ್ಕು ವಾಕ್ಯ, ಉಳಿದದ್ದನ್ನು ಕೈ ಆಡಿಸಿ ತುಂಬಿಸಿದೆ. "ನಮ್ಮ ಮಾವನೇ ಕಂಡುಹಿಡಿದಿದ್ದು" ಎಂದೂ ಸೇರಿಸಿದೆ. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಮೂರು ವಾರ ಕಳೆಯಿತು. ಲೇಖನ ಕಳಿಸಲು ಸೋಮವಾರ ನಿಗದಿಯಾಯಿತು. ಅದಕ್ಕೂ ಮುಂಚಿನ ಬುಧವಾರ ಮೇಡಂ, "ಪ್ರಯೋಗದ ಕಾಗದಪತ್ರ ಎಲ್ಲ ಜೋಡಿಸಿ ಕಟ್ಟಿಟ್ಟುಬಿಡಿ" ಎಂದರು.

ಬೇರೆಯವರು ಪುಸ್ತಕ ಕಟ್ಟಿಡುತ್ತಿದ್ದರು. ನಮ್ಮ ಮಾವ ಏನನ್ನೂ ಎಸೆಯುವ ಪೈಕಿ ಅಲ್ಲ. ಹೃದಯ ಒತ್ತಿದ ಹೀರುಕಾಗದಗಳನ್ನೂ ಮೂಲೆಯಲ್ಲಿ ಪೆನ್ಸಿಲಿನಿಂದ ಇಲಿಯ ನಂಬರು ಬರೆದು, ಒಣಗಿಸಿ, ಎತ್ತಿಟ್ಟಿದ್ದರು. ಯಾರೂ ಹೇಳಿರಲಿಲ್ಲ. ಅದು ಅವರ ಪದ್ಧತಿ. ಈಗ ಯಾವ ನಂಬರು ಯಾವ ಗುಂಪೆಂದು ಗೊತ್ತಿತ್ತಲ್ಲ, ಉದ್ದನೆಯ ಮೇಜಿನ ಮೇಲೆ ಮೂರು ಸಾಲಾಗಿ ಹರಡಿದರು.

ಮೊದಲ ಸಾಲು: ಪ್ರತಿ ಹಾಳೆಯ ನಡುವೆ ಕಂದುಬಣ್ಣಕ್ಕೆ ತಿರುಗಿದ ಒಂದು ದುಂಡನೆಯ ಗುರುತು. ಎರಡನೇ ಸಾಲು: ಒಂದೊಂದೇ ಗುರುತು. ಮೂರನೆಯದು ಹಳದಿ ಮೀಸೆಯವರ ಸಾಲು: ಮೂರು ಗುರುತು. ಮೂರು. ಎರಡು. ಮೂರು. ಮೂರು. ಒಂದು ಹಾಳೆಯ ಮೇಲೆ ನಾಲ್ಕು.

ಇದರ ಅರ್ಥ ನನ್ನಂಥವನಿಗೆ ಹೊಳೆಯಲಾರದು. ಮಾವನಿಗೆ ನೋಡಿದ ಕೂಡಲೇ ಹೊಳೆಯಿತು. ಇಲಿಯ ಹೃದಯದೊಳಗೆ ಸಣ್ಣ ಕೋಣೆಗಳಿವೆ. ಅವುಗಳಲ್ಲಿ ತೊಳೆದ ನೀರು ನಿಂತಿರುತ್ತದೆ. ಒಂದು ಸಲ ಒತ್ತಿದರೆ ಹೊರಗಿನ ತೇವ ಹೋಗುತ್ತದೆ. ಮೂರು ಸಲ ಒತ್ತಿದರೆ ಒಳಗಿನದೂ ಹಿಂಡಿ ಹೋಗುತ್ತದೆ. ನೂರು ಮಿಲಿಗ್ರಾಂ, ನೂರೈವತ್ತು ಮಿಲಿಗ್ರಾಂ. ಹಳದಿ ಮೀಸೆಯ ಇಲಿ ಕೈಗೆ ಬಂದಾಗಲೆಲ್ಲ ಅವರ ಕೈ, 'ಇನ್ನೂ ತೇವ ಇದೆಯೇನೋ' ಎಂದು ಇನ್ನೊಮ್ಮೆ ಒತ್ತಿತ್ತು, ಮತ್ತೊಮ್ಮೆ ಒತ್ತಿತ್ತು.

ಮಾವ ಹಾಳೆಗಳನ್ನು ಬಟ್ಟೆಯ ಚೀಲದೊಳಗೆ ಹಾಕಿಕೊಂಡು ಮನೆಗೆ ಹೋದರು. ಗುರುವಾರ ಏನೂ ಹೇಳಲಿಲ್ಲ. ಶುಕ್ರವಾರ ಮೇಡಂ ಲೇಖನದ ಪ್ರತಿ ತೋರಿಸಿದರು. ಹೆಸರುಗಳ ಸಾಲಿನ ಕೊನೆಯಲ್ಲಿ ಇವರದು, ಪೂರ್ತಿಯಾಗಿ, ಕಾಗುಣಿತ ತಪ್ಪಿಲ್ಲದೆ. "ಸರಿ ಇದೆಯಾ?" ಎಂದು ಕೇಳಿದರಂತೆ. "ಸರಿ ಇದೆ ಮೇಡಂ" ಎಂದರಂತೆ. ಶನಿವಾರ ಚೀಲವನ್ನು ಕಸದ ಡಬ್ಬಿಯವರೆಗೆ ಒಯ್ದು ವಾಪಸ್ ತಂದರಂತೆ. ಇದನ್ನೆಲ್ಲ ಆಮೇಲೆ ಅವರೇ ನನಗೆ ಹೇಳಿದ್ದು. ಯಾರೂ ಕೇಳದಿದ್ದರೂ ಹೇಳಿದರು, ಒಂದು ದಿನವನ್ನೂ ಬಿಡದೆ.

ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದರು. ಚೀಲ ಹೆಗಲಲ್ಲೇ ಇತ್ತು. ಅಮ್ಮ ಮಂಚದ ಮೇಲೆ ಎರಡು ದಿಂಬಿಗೆ ಒರಗಿ ಕೂತಿದ್ದಳು. ಕಾಲು ಸ್ವಲ್ಪ ಊದಿತ್ತು. "ಸೆಖೆ" ಎಂದಿದ್ದಳು, ನಾವು ನಂಬಿದ್ದೆವು. ಮಂಚದ ಪಕ್ಕದ ಸ್ಟೂಲಿನ ಮೇಲೆ ಮಾತ್ರೆಯ ಡಬ್ಬಿ. ಮಾವ ಕೂರಲು ಜಾಗ ಬೇಕೆಂದು ಅದನ್ನು ಎತ್ತಿದರು. ಎತ್ತಿದವರು ಹಾಗೇ ನಿಂತರು. ಅಂಗೈ ಮೇಲಿಟ್ಟುಕೊಂಡು ಒಮ್ಮೆ ಮೇಲೆ ಕೆಳಗೆ ಆಡಿಸಿದರು.

"ಅಕ್ಕಾ, ಇದು ಹಗುರ ಆಗೇ ಇಲ್ಲ."

"ಏನು?"

"ಹೋದ ತಿಂಗಳು ನಾನು ತುಂಬಿಸಿಕೊಟ್ಟಾಗ ಎಷ್ಟಿತ್ತೋ ಅಷ್ಟೇ ಇದೆ. ನೀನು ಮಾತ್ರೆ ತಗೋತಾ ಇಲ್ಲ."

ಅಮ್ಮ ನನ್ನ ಹೆಂಡತಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಸಿಕ್ಕಿಬಿದ್ದ ಶಾಲೆ ಹುಡುಗಿಯಂತೆ ಸೆರಗಿನ ಅಂಚು ತಿರುಚಿದಳು. "ಎರಡೂ ಯಾಕೆ ಅಂತ ಮಾತ್ರೆ ಬಿಟ್ಟೆ ಕಣೋ. ಆ ಗುಲಾಬಿದು ನನ್ನ ಪ್ರಾಣ ತಿಂತಿತ್ತು. ಸಿಪ್ಪೆ ನೀರು ಕುಡೀತಿದ್ದೀನಲ್ಲ. ನೀನೇ ತೂಗಿದ್ದು ಅಂದಿದ್ದೆ."

"ಎಷ್ಟು ದಿನ ಆಯ್ತು?"

"ಮೂರು ವಾರ."

ಮಾವ ಕೆಳಗೆ, ನೆಲದ ಮೇಲೆ ಕೂತರು. ಚೀಲದಿಂದ ಮೂರು ಹಾಳೆ ತೆಗೆದು ಹಾಸಿಗೆಯ ಮೇಲೆ ಹರಡಿದರು.

"ಇದೇನೋ ಮುದ್ರೆ ಹೊಡೆದಿದ್ದೀಯ?"

"ಇಲಿ ಹೃದಯದ್ದು."

"ಥೂ! ನನ್ನ ಹಾಸಿಗೆ ಮೇಲೆ! ಇವತ್ತೇ ಒಗೆದ ಬೆಡ್‌ಶೀಟು!"

"ಅಕ್ಕಾ, ಕೇಳು. ಒಂದೇ ಸಲ ಒತ್ತಬೇಕಿತ್ತು. ಔಷಧಿ ತಿಂದ ಇಲಿದು ಮೂರು ಸಲ ಒತ್ತಿದ್ದೀನಿ. ನೀರು ಹಿಂಡಿ ತೂಗಿದ್ದೀನಿ. ಅದಕ್ಕೇ ಕಮ್ಮಿ ಬಂದಿದ್ದು."

ಅಮ್ಮ ಕನ್ನಡಕ ಹಾಕಿಕೊಂಡು ಹಾಳೆಗಳನ್ನು ಒಂದೊಂದಾಗಿ ನೋಡಿದಳು. ಗುರುತುಗಳ ಮೇಲೆ ಬೆರಳಿಟ್ಟು ಎಣಿಸಿದಳು. "ಬೇಕು ಅಂತ ಮಾಡಿದ್ಯಾ?"

"ನನ್ನ ಕೈ ನನಗೆ ಹೇಳದೆ ಮಾಡ್ತು." ಮಾವ ತಡೆದರು. "ಹೇಳದೆ ಅಂತಲ್ಲ. ಸ್ವಲ್ಪ ಹೇಳಿತ್ತು. ನಾನು ಕೇಳಿಸ್ಕೊಳ್ಳಲಿಲ್ಲ."

"ನನಗೋಸ್ಕರನಾ?"

"ಹೌದು ಅಂದ್ರೆ ಚೆನ್ನಾಗಿರತ್ತೆ. ಅರ್ಧ ನಿನಗೋಸ್ಕರ. ಆಮೇಲಿನ ನಾಲ್ಕು ದಿನ ಬಾಯಿ ಬಿಡದೆ ಇದ್ದಿದ್ದು ಅಚ್ಚಾಗೋ ಹೆಸರಿಗೋಸ್ಕರ."

"ಹಂಗಾದ್ರೆ ಆ ನೀರು ಕೆಲಸ ಮಾಡಲ್ಲ?"

"ಗೊತ್ತಿಲ್ಲ ಅಕ್ಕಾ. ಮಾಡಿದ್ರೂ ಮಾಡಬಹುದು. ನಾನು ತೂಗಿದ್ರಿಂದ ಈಗ ಯಾರಿಗೂ ಗೊತ್ತಿಲ್ಲ."

ನನ್ನ ಹೆಂಡತಿ ಅಷ್ಟರಲ್ಲಿ ಅಮ್ಮನ ಕಾಲಿನ ಊತಕ್ಕೆ ಬೆರಳು ಒತ್ತಿ ನೋಡಿದ್ದಳು. ಒತ್ತಿದ ಜಾಗದಲ್ಲಿ ಗುಳಿ ಹಾಗೇ ಉಳಿದಿತ್ತು. "ಭಾಷಣ ಸಾಕು. ಆಟೋ ತನ್ನಿ" ಎಂದಳು. ಆ ಕೋಣೆಯಲ್ಲಿ ತಲೆ ನೆಟ್ಟಗಿದ್ದವಳು ಅವಳೊಬ್ಬಳೇ.

ಡಾಕ್ಟರು ಅಮ್ಮನನ್ನು ಮೂರು ದಿನ ವಾರ್ಡಿನಲ್ಲಿ ಇಟ್ಟುಕೊಂಡರು. ಶ್ವಾಸಕೋಶದಲ್ಲಿ ನೀರು ಸೇರಲು ಶುರುವಾಗಿತ್ತು. ಯಾರ ಮಾತು ಕೇಳಿ ಮಾತ್ರೆ ಬಿಟ್ಟಿರೆಂದು ಕೇಳಿದರು. ಅಮ್ಮ ಬಾಯಿ ಬಿಡಲಿಲ್ಲ. ಮಾವ ಶಾಲೆಯಲ್ಲಿ ಹಾಜರಿ ಹೇಳುವವರಂತೆ ಕೈ ಎತ್ತಿದರು. ಸಿಪ್ಪೆ ಹೊತ್ತು ತಂದವನು ನಾನೂ ಎತ್ತಬೇಕಿತ್ತು. ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತ ನಿಂತೆ.

ಅಲ್ಲಿಂದ ಟೈಲರ ಬಳಿ ಓಡಿದೆ. ನನ್ನ ಉಪನ್ಯಾಸಕ್ಕೆ ಇನ್ನೊಂದು ಜೀವ ಬಲಿಯಾಗಿದ್ದರೆ ಎಂದು ಮೈ ಬೆವರಿತ್ತು. ಏದುಸಿರು ಬಿಡುತ್ತ ಎಲ್ಲ ಹೇಳಿ, "ಮಾತ್ರೆ ಬಿಟ್ಟಿದ್ರೆ ಇವತ್ತೇ ಡಾಕ್ಟರ ಹತ್ರ ಹೋಗಿ" ಎಂದೆ. ಅವರು ಬಾಯಿಯಲ್ಲಿದ್ದ ಸೂಜಿ ತೆಗೆದು, "ಅಯ್ಯೋ, ಹೇಳಿದ್ದು ನೀವಲ್ವಾ? ಅದಕ್ಕೇ ನಾನು ಮನಸ್ಸಿಗೇ ಹಚ್ಕೊಳ್ಳಲಿಲ್ಲ" ಎಂದರು. ಆ ಗಳಿಗೆಯಲ್ಲಿ ಅವರನ್ನು ತಬ್ಬಿಕೊಳ್ಳಬೇಕೋ ಜಗಳಕ್ಕೆ ನಿಲ್ಲಬೇಕೋ ತಿಳಿಯಲಿಲ್ಲ. ವಾಪಸ್ ಬರುವಾಗ ಅನ್ನಿಸಿತು: ನನ್ನ ಮಾತಿಗೆ ತೂಕವಿಲ್ಲದ್ದರಿಂದ ಟೈಲರು ಬಚಾವಾದರು. ಅಮ್ಮನಿಗೆ ಆ ಅದೃಷ್ಟವಿರಲಿಲ್ಲ.

ಸೋಮವಾರ ಮಾವ ಮೂವತ್ತೂ ಹಾಳೆಗಳೊಂದಿಗೆ ಮೇಡಂ ಕೋಣೆಗೆ ಹೋದರು. ಧೈರ್ಯಕ್ಕೆಂದು ನನ್ನನ್ನು ಕರೆದೊಯ್ದು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ತುಂಬ ಹೊತ್ತು ಹಾಳೆ ಮಗುಚುವ ಸದ್ದು ಬಿಟ್ಟರೆ ಬೇರೇನಿಲ್ಲ.

"ಇದನ್ನ ಯಾಕೆ ಎತ್ತಿಟ್ರಿ? ಎಸೆದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ" ಎಂದಿತು ಮೇಡಂ ದನಿ.

"ಎಸೆಯೋ ಅಭ್ಯಾಸ ಇಲ್ಲ ಮೇಡಂ. ಶನಿವಾರ ಪ್ರಯತ್ನಪಟ್ಟೆ. ಆಗಲಿಲ್ಲ."

ಆಮೇಲೆ ಮೇಡಂ ಅಂದರು: "ಹಳದಿ ಮೀಸೆ ನಾನೂ ನೋಡಿದ್ದೆ. ನೋಡಿ ನಕ್ಕಿದ್ದೆ. ಡ್ರಾಯರಿಗೆ ಬೀಗ ಹಾಕಿ ಜಾಣೆ ಅಂದ್ಕೊಂಡಿದ್ದೆ."

ಲೇಖನ ಹೋಗಲಿಲ್ಲ. ಆ ಹೃದಯಗಳನ್ನು ಕೆಡದಂತೆ ಫಾರ್ಮಲಿನ್ ದ್ರಾವಣದಲ್ಲಿ ಇಟ್ಟಿದ್ದರು. ಅವುಗಳಿಂದ ತೆಳುವಾದ ಸ್ಲೈಡು ಕೊಯ್ಸಿ, ಗುಂಪು ತಿಳಿಯದ ಬೇರೆ ಮಹಡಿಯವರಿಂದ ಸ್ನಾಯುಕೋಶಗಳ ಅಗಲ ಅಳೆಸಿದರು. ಹಳದಿ ತಿಂದವುಗಳಲ್ಲಿ ಒಂದಿಷ್ಟು ಸಣ್ಣಗೆ ಬಂತು. ಆದರೆ ಅದು ಔಷಧಿಯ ಗುಣವೋ ಆಕಸ್ಮಿಕವೋ ಎಂದು ಹೇಳುವಷ್ಟಿರಲಿಲ್ಲ. ಮೊದಲಿಂದ ಮಾಡಬೇಕು ಎಂದರು ಮೇಡಂ.

ಹೊಸ ಪ್ರಯೋಗ ಈಗ ನಡೆಯುತ್ತಿದೆ. ಈ ಸಲ ಬರೀ ಆಹಾರಕ್ಕೂ ಗುಣವಿಲ್ಲದ ಒಂದು ಹಳದಿ ಬಣ್ಣ ಬೆರೆಸಿದ್ದಾರೆ. ಮೂವತ್ತಕ್ಕೆ ಮೂವತ್ತೂ ಇಲಿಗಳು ಹಳದಿ ಮೀಸೆ ತಿರುವುತ್ತ ಓಡಾಡುತ್ತವೆಯಂತೆ. ಹೃದಯದ ತೇವ ತೆಗೆಯಲು ಮಾವ ಒಂದು ಹಿತ್ತಾಳೆಯ ತುಂಡು ಮಾಡಿಸಿಕೊಟ್ಟಿದ್ದಾರೆ. ಐವತ್ತು ಗ್ರಾಂ ತೂಕ. ಹೃದಯದ ಮೇಲೊಂದು ಹೀರುಕಾಗದ, ಅದರ ಮೇಲೆ ಆ ತುಂಡು, ಹತ್ತು ಸೆಕೆಂಡು, ಒಂದೇ ಸಲ, ಎಲ್ಲ ಇಲಿಗೂ. ತೂಗುವ ಹೊತ್ತಿಗೆ ಮಾವ ನಿವೃತ್ತರಾಗಿರುತ್ತಾರೆ. ಅದನ್ನು ಬೇರೆಯವರು ಮಾಡುತ್ತಾರೆ. ಆ ಲೇಖನದಲ್ಲಿ ತನ್ನ ಹೆಸರು ಹಾಕಕೂಡದೆಂದು ಅವರೇ ಬರೆದುಕೊಟ್ಟು ಬಂದಿದ್ದಾರೆ.

ಅಮ್ಮ ಮನೆಗೆ ಬಂದಳು. ಊತ ಇಳಿದಿದೆ, ಗುಲಾಬಿ ಮಾತ್ರೆಗೆ ಬೈಗುಳವೂ ಮತ್ತೆ ಶುರುವಾಗಿದೆ. ಮಾವ ಪ್ರತಿ ಭಾನುವಾರ ಬರುತ್ತಾರೆ. ಬಾಗಿಲಲ್ಲಿ ನಿಂತು, ಒಳಗೆ ಕರೆಯಲಿ ಎಂದು ಕಾಯುತ್ತಾರೆ. ಮೊದಲು ಹಾಗೆ ಮಾಡುತ್ತಿರಲಿಲ್ಲ, ನೇರ ಅಡುಗೆಮನೆಗೇ ನುಗ್ಗುತ್ತಿದ್ದರು.

ಮೊದಲ ಭಾನುವಾರ ಅಮ್ಮ ಮಾತ್ರೆಯ ಡಬ್ಬಿಯನ್ನು ಅವರ ಮುಂದೆ ಹಿಡಿದಳು. ಮಾವ ಅದನ್ನು ಅಂಗೈ ಮೇಲಿಟ್ಟುಕೊಂಡು, ಅಭ್ಯಾಸದಂತೆ ಒಮ್ಮೆ ಮೇಲೆ ಕೆಳಗೆ ಆಡಿಸಿ, "ಎಂಟು ಕಮ್ಮಿ ಇದೆ. ಸರಿಯಾಗಿ ತಗೊಂಡಿದ್ದೀಯ" ಎಂದರು.

"ಕೈ ನಂಬಬಹುದಾ?" ಎಂದಳು ಅಮ್ಮ.

ಕುಹಕವಿರಲಿಲ್ಲ ಅದರಲ್ಲಿ. ನಿಜಕ್ಕೂ ತಿಳಿದುಕೊಳ್ಳಲು ಕೇಳಿದಂತಿತ್ತು. ಮಾವ ನೆಲದ ಮೇಲೆ ಕೂತರು. ಒಂದು ಕಾಗದ ಕೇಳಿ ಪಡೆದು, ಡಬ್ಬಿಯನ್ನು ಅದರ ಮೇಲೆ ಸುರಿದು, ಬಿಳಿಯದು ಬೇರೆ ಗುಲಾಬಿಯದು ಬೇರೆ ಮಾಡಿ, ತೋರುಬೆರಳಿನಿಂದ ಒಂದೊಂದನ್ನೇ ಸರಿಸುತ್ತ, ಜೋರಾಗಿ, ನಮಗೆಲ್ಲ ಕೇಳುವಂತೆ ಎಣಿಸತೊಡಗಿದರು.